ಅವ್ವನಿಗೆ ಮಾತು ತಿಳಿಯುವ ಟೀವಿ: ಕೇಬಲ್‌ನ ಜ್ಞಾನ ವಾಹಿನಿಗಳು, ಖಾಸಗಿ ಡಿಟಿಎಚ್ ಮತ್ತು ಡಿಡಿ ಫ್ರೀ ಡಿಶ್

ಎಂಟು ತಿಂಗಳಲ್ಲಿ ನಮ್ಮ ಮನೆಯ ಒಂದೇ ಟೀವಿಗೆ ಮೂರು ಬಗೆಯ ಸಂಪರ್ಕ ಹಾಕಿಸಿ ನೋಡಿದ ಮೇಲೆ, ತಿಂಗಳ ಬಾಡಿಗೆಯೇ ಇಲ್ಲದ, ದೂರದರ್ಶನದವರ ಡಿಡಿ ಫ್ರೀ ಡಿಶ್ ಉಳಿದುಕೊಂಡಿದೆ. ಹಣ ಉಳಿಯಿತೆಂಬ ಸಮಾಧಾನ ಇದ್ದೇ ಇದೆ. ಆದರೆ ನಾನು ಅದನ್ನು ಇಟ್ಟುಕೊಂಡದ್ದು 72 ವರ್ಷದ ನಮ್ಮ ಅವ್ವನಿಗೆ ಅದರಲ್ಲಿ ಮಾತು ತಿಳಿಯುತ್ತದೆ ಎಂಬ ಕಾರಣಕ್ಕೆ.

ಅವ್ವ 1975ರಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಗೆ ಆಗಷ್ಟೇ ಸೇರಿದ್ದ ಶಿಕ್ಷಕಿ. ಆ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಡೆದ ‘ಸೈಟ್’ ಎಂಬ ಶಿಕ್ಷಣ ಟೀವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಟೀವಿ ಕಂಡವು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾಗಿದ್ದ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಊರುಗಳಲ್ಲಿ ಅವ್ವ ಪಾಠ ಹೇಳುತ್ತಿದ್ದ ಊರೂ ಒಂದು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕನ್ನಡದಲ್ಲಿ ಕಾರ್ಯಕ್ರಮ ಬರುತ್ತಿತ್ತು. ಒಂದೇ ಚಿತ್ರದ ಜೊತೆಗೆ ಎರಡು ಭಾಷೆಯ ಧ್ವನಿ ಕಳಿಸುವ ಏರ್ಪಾಡು ಆ ಉಪಗ್ರಹದಲ್ಲಿ ಆಗಲೇ ಇತ್ತು. ಟೀವಿ ಎಂದರೆ ಕಲಿಯುವ ಸಾಧನ ಎಂಬ ನಂಬಿಕೆ ಅವ್ವನಿಗೆ ಅಲ್ಲಿಂದ ಬಂದದ್ದು, ಧಾರಾವಾಹಿಗಳ ಕಡೆಗೆ ಅವಳ ಮನಸ್ಸು ಎಂದೂ ಹೊರಳಲಿಲ್ಲ.

ಆದ್ದರಿಂದ ಕಳೆದ ವರ್ಷ 43 ಇಂಚಿನ ಹೊಸ ಟೀವಿ ತಂದಾಗ, ಕೇಬಲ್‌ನವರ ಹತ್ತಿರ ವಿಜ್ಞಾನ, ಇತಿಹಾಸ ಮತ್ತು ವನ್ಯಜೀವಿ ವಾಹಿನಿಗಳಿರುವ ಎಚ್‌ಡಿ ಪ್ಯಾಕ್ ಹಾಕಿಸಿದೆ. ಅವುಗಳಲ್ಲಿ ಕೆಲವು ಕನ್ನಡದಲ್ಲಿಯೂ ಬರುತ್ತವೆಂದು ಕೇಳಿ ನನಗೆ ಬಹಳ ಸಂತೋಷವಾಗಿತ್ತು. ಡಬ್ಬಿಂಗ್‌ಗೆ ಇದ್ದ ವಿರೋಧದಿಂದಾಗಿ 2012ರಲ್ಲಿ ಆಮಿರ್ ಖಾನ್ ಅವರ ಟೀವಿ ಕಾರ್ಯಕ್ರಮ ‘ಸತ್ಯಮೇವ ಜಯತೆ’ ನೆರೆಯ ಭಾಷೆಗಳಲ್ಲೆಲ್ಲ ಬಂದು ಕನ್ನಡಕ್ಕೆ ಮಾತ್ರ ಬಾರದೇ ಹೋದದ್ದನ್ನು ನಾನು ಮರೆತಿರಲಿಲ್ಲ. ಆ ತಡೆ ಸರಿಯಲ್ಲವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶಿಸಿದ ಮೇಲೆ, ಕನ್ನಡದಲ್ಲಿ ಜ್ಞಾನ ಕಾರ್ಯಕ್ರಮಗಳು ಬರುವ ದಿನಕ್ಕಾಗಿ ಕಾದವರಲ್ಲಿ ನಾನೂ ಒಬ್ಬ. ಬಂದದ್ದು ಹೀಗೆ ಬಂದಿತಲ್ಲ ಎಂಬುದೇ ನನ್ನ ನೋವು.

ತೊಡಕು ಇದ್ದದ್ದು ಕನ್ನಡದ ಧ್ವನಿಯಲ್ಲಿ. ನಿರೂಪಕರ ಮಾತು ಹಿನ್ನೆಲೆ ಸಂಗೀತದ ಕೆಳಗೆ ಹೂತುಹೋದಂತೆ ಕೇಳಿಸುತ್ತಿತ್ತು. ವಿಜ್ಞಾನಿಯೊಬ್ಬರು ತೆರೆಯ ಮೇಲೆ ಬಂದು ಮಾತನಾಡಿದರೆ, ಅವರ ಇಂಗ್ಲಿಷ್ ಧ್ವನಿ ಪೂರ್ತಿ ತಗ್ಗದೆ, ಅದರ ಮೇಲೆಯೇ ಕನ್ನಡದ ಧ್ವನಿ ಕೂತು, ಎರಡು ಭಾಷೆಗಳು ಒಟ್ಟಿಗೆ ಕಿವಿಗೆ ಬಡಿಯುತ್ತಿದ್ದವು. ಸಂದರ್ಶನದ ಮೂಲ ಧ್ವನಿಯನ್ನು ಮೆಲ್ಲಗೆ ಉಳಿಸಿಕೊಳ್ಳುವುದು ಸಾಕ್ಷ್ಯಚಿತ್ರಗಳ ಹಳೆಯ ರೂಢಿಯೇ ಸರಿ, ಆದರೆ ಅದನ್ನು ಎಷ್ಟು ತಗ್ಗಿಸಬೇಕು, ನಿರೂಪಕರು ಬಾಯಿ ತೆರೆದಾಗ ಸಂಗೀತವನ್ನು ಎಷ್ಟು ಇಳಿಸಬೇಕು ಎಂಬುದನ್ನು ಯಾರೋ ಒಬ್ಬರು ಕುಳಿತು ಕೇಳಿ ನಿರ್ಧರಿಸಬೇಕು. ನಾವು ಕೇಳಿದ ಕನ್ನಡದಲ್ಲಿ ಆ ಕೆಲಸ ನಡೆದ ಗುರುತು ಇರಲಿಲ್ಲ.

ಮೊದಲು ನಾನು ದೋಷ ನಮ್ಮ ಟೀವಿಯದೇ ಎಂದುಕೊಂಡೆ. ಈಗಿನ ತೆಳುವಾದ ಟೀವಿಗಳಲ್ಲಿ ಸ್ಪೀಕರ್‌ಗಳು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುವುದರಿಂದ ಮಾತು ಗೋಡೆಗೆ ತಾಗಿ ನಮ್ಮ ಕಡೆ ಬರುತ್ತದೆ. ಧ್ವನಿ ಸುತ್ತಲಿಂದ ಬಂದಂತೆ ಮಾಡುವ ಸರೌಂಡ್ ಆಯ್ಕೆಯನ್ನು ತೆಗೆದುಹಾಕಿದೆ, ಮಾತನ್ನು ಎತ್ತಿ ಕೊಡುವ ಆಯ್ಕೆಯನ್ನು ಹಾಕಿದೆ, ಸೆಟ್‌ಟಾಪ್ ಬಾಕ್ಸಿನ ಧ್ವನಿಯನ್ನು ಡಾಲ್ಬಿಯಿಂದ ಪಿಸಿಎಂ ಎಂಬ ಸಾದಾ ಬಗೆಗೆ ಬದಲಿಸಿದೆ, ಕೊನೆಗೆ ಒಂದು ಸೌಂಡ್‌ಬಾರನ್ನೂ ತಂದು ಜೋಡಿಸಿದೆ. ಅದೇ ಕಾರ್ಯಕ್ರಮವನ್ನು ಇಂಗ್ಲಿಷಿಗೆ ತಿರುಗಿಸಿದಾಗ ಒಂದೊಂದು ಪದವೂ ಬಿಡಿಯಾಗಿ ಕೇಳಿಸಿತು, ಕನ್ನಡಕ್ಕೆ ಮರಳಿದೊಡನೆ ಮತ್ತೆ ಮಸುಕಾಯಿತು. ಒಂದೇ ಟೀವಿ, ಒಂದೇ ತಂತಿ, ಒಂದೇ ಚಿತ್ರ ಇದ್ದೂ ಹೀಗಾದಾಗ, ದೋಷ ನಮ್ಮ ಮನೆಯದಲ್ಲವೆಂಬುದು ಖಚಿತವಾಯಿತು.

ನನ್ನ ಕಿವಿಗೆ ಇದು ಬರೀ ಕಿರಿಕಿರಿ. ಅವ್ವನಿಗಾದರೋ ಕಾರ್ಯಕ್ರಮವೇ ಮುಚ್ಚಿಹೋದಂತೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನದ ಧ್ವನಿಗಳನ್ನು. ಸ, ಶ, ಚ, ತ ಮುಂತಾದ ವ್ಯಂಜನಗಳ ಮೊನಚು ಇರುವುದು ಅಲ್ಲಿಯೇ. ಅ, ಆ, ಓ ಎಂಬ ಸ್ವರಾಕ್ಷರಗಳು ಕೇಳುತ್ತವೆ, ಅವುಗಳಿಗೆ ಅಂಚು ಕಟ್ಟುವ ವ್ಯಂಜನಗಳು ಕೇಳುವುದಿಲ್ಲ. ಹಾಗಾಗಿ ಯಾರೋ ಮಾತನಾಡುತ್ತಿದ್ದಾರೆಂಬುದು ತಿಳಿದರೂ ಏನೆಂದರೆಂಬುದು ತಿಳಿಯುವುದಿಲ್ಲ. ಧ್ವನಿ ಏರಿಸಿದರೆ ಸಂಗೀತವೂ ಅಷ್ಟೇ ಏರುತ್ತದೆ. ಏರಿಸಿ ಇಟ್ಟಿರುವಾಗಲೇ ಜಾಹೀರಾತು ಬಂದರೆ ಮನೆಯೇ ಅದುರುತ್ತದೆ, ಏಕೆಂದರೆ ಜಾಹೀರಾತಿನಲ್ಲಿ ಮೆಲುದನಿಗಳನ್ನೂ ಎತ್ತಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದಿರುತ್ತಾರೆ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದೆಂದು ಕೇಬಲ್ ಟೀವಿ ನಿಯಮಗಳು ಹೇಳುತ್ತವೆ; ಆ 12 ನಿಮಿಷಗಳಲ್ಲಿ ಅವ್ವ ರಿಮೋಟನ್ನು ಕೈಯಲ್ಲೇ ಹಿಡಿದು ಕೂರಬೇಕಾಗುತ್ತಿತ್ತು. ಸಾಲದ್ದಕ್ಕೆ, ವಾಹಿನಿ ಬದಲಿಸಿದಾಗಲೆಲ್ಲ ಬಾಕ್ಸು ತಾನಾಗಿ ಹಿಂದಿಗೆ ಮರಳುತ್ತಿತ್ತು, ಪ್ರತಿ ಸಲವೂ ಭಾಷೆಯ ಗುಂಡಿ ಹುಡುಕಿ ಒತ್ತಬೇಕಿತ್ತು. “ಬಾಜಾ ನಿಂತ ಮ್ಯಾಲ ಕರಿ, ಬಂದು ಕೂಡ್ತೀನಿ” ಎಂದು ಅವ್ವ ಒಂದು ಸಂಜೆ ಎದ್ದು ಒಳಗೆ ಹೋದಳು. ಮರುದಿನ ಕರೆದರೂ ಬರಲಿಲ್ಲ.

ಕನ್ನಡದಲ್ಲಿ ಚೆನ್ನಾಗಿ ಮಾಡಲು ಆಗುವುದೇ ಇಲ್ಲವೇ ಎಂದರೆ, ಖಂಡಿತ ಆಗುತ್ತದೆ. 2020ರ ಜೂನ್ 5ರಂದು, ವಿಶ್ವ ಪರಿಸರ ದಿನ, ಡಿಸ್ಕವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಪ್ರಸಾರವಾದಾಗ ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು, ಕನ್ನಡದ್ದು ರಿಷಬ್ ಶೆಟ್ಟಿ ಅವರದು. ನಮ್ಮ ಹಳೆಯ ಚಿಕ್ಕ ಟೀವಿಯಲ್ಲಿಯೇ ಅವ್ವ ಅದನ್ನು ಕೊನೆಯವರೆಗೆ ಕೂತು ನೋಡಿ, ಮಾರನೆಯ ದಿನ ಮೊಮ್ಮಗಳಿಗೆ ನೀರುನಾಯಿಗಳ ಕಥೆ ಹೇಳಿದ್ದಳು.

ಇನ್ನು ಕಾರ್ಯಕ್ರಮಗಳ ವಿಚಾರ. ಒಂದು ವಾರ ಸಂಜೆ 7ರಿಂದ 10ರವರೆಗೆ ಪ್ಯಾಕಿನ ವಾಹಿನಿಗಳಲ್ಲಿ ಏನು ಬಂದಿತೆಂದು ಬರೆದಿಟ್ಟೆ. ಚಿನ್ನ ಅಗೆಯುವವರು, ಹಳೆಯ ಸಾಮಾನು ಹರಾಜು ಹಿಡಿಯುವವರು, ಕೆಟ್ಟ ಕಾರು ರಿಪೇರಿ ಮಾಡುವವರು, ಕಾಡಿನಲ್ಲಿ ಹುಳ ತಿಂದು ಬದುಕುವವರು, ಅನ್ಯಗ್ರಹದವರ ಸುಳಿವು ಹುಡುಕುವವರು ಹೆಚ್ಚಿನ ಸಮಯವನ್ನು ತುಂಬಿದ್ದರು. ಕಾರಣ ಊಹಿಸಲು ಕಷ್ಟವಿಲ್ಲ. ಹುಲಿಯ ಸಂಸಾರವನ್ನು ಚಿತ್ರೀಕರಿಸಲು ವರ್ಷಗಟ್ಟಲೆ ಕಾಡಿನಲ್ಲಿ ಕಾಯಬೇಕು, ಗ್ಯಾರೇಜಿನಲ್ಲಿ ಕ್ಯಾಮೆರಾ ಇಟ್ಟರೆ ವಾರಕ್ಕೊಂದು ಕಂತು ಸಿದ್ಧ. ಇದು ನಮ್ಮಲ್ಲಿ ಶುರುವಾದ ಜಾರಿಕೆಯೂ ಅಲ್ಲ. ಅಮೆರಿಕದಲ್ಲಿ 1972ರಲ್ಲಿ ನಾಸಾ ಮತ್ತು ಅಲ್ಲಿನ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ನೆರವಿನಿಂದ ಪಾಠ ಹೇಳಲೆಂದೇ ಹುಟ್ಟಿದ ಜಾಲ ‘ದಿ ಲರ್ನಿಂಗ್ ಚಾನೆಲ್’ ಆಗಿ, 1991ರಲ್ಲಿ ಡಿಸ್ಕವರಿಯ ಕೈಸೇರಿ, ಮುಂದೆ ಮದುವೆ, ಮನೆ, ಸಂಸಾರಗಳ ರಿಯಾಲಿಟಿ ವಾಹಿನಿಯಾಯಿತು. 2010ರಲ್ಲಿ ಟಿಎಲ್‌ಸಿ ಎಂಬ ಹೆಸರು ಭಾರತಕ್ಕೆ ಬಂದದ್ದೇ ಊಟ ಮತ್ತು ಪ್ರವಾಸದ ವಾಹಿನಿಗೆ. ಆ ಹೆಸರಿನಲ್ಲಿ ‘ಎಲ್’ ಎಂದರೆ ಕಲಿಕೆ ಎಂಬುದು ನನ್ನ ಮಗಳಿಗೆ ಗೊತ್ತೇ ಇರಲಿಲ್ಲ.

ಖಾಸಗಿ ಡಿಟಿಎಚ್‌ಗೆ ಹೆಚ್ಚು ಮಾತು ಬೇಡ. ಚಿತ್ರ ಚೆನ್ನಾಗಿತ್ತು, ಆದರೆ ಅದೇ ವಾಹಿನಿಯ ಕನ್ನಡ ಧ್ವನಿ ಅಲ್ಲಿಯೂ ಅಷ್ಟೇ ಮಸುಕಾಗಿತ್ತು. ಎರಡು ತಿಂಗಳಾದ ಮೇಲೆ ರೀಚಾರ್ಜ್ ನಿಲ್ಲಿಸಿದೆ.

ಫ್ರೀ ಡಿಶ್ ಹಾಕಿಸಿದ್ದು ಪಿಯು ಎರಡನೇ ವರ್ಷದ ಮಗಳಿಗಾಗಿ. 2017ರಲ್ಲಿ ಆರಂಭವಾದ ಸ್ವಯಂಪ್ರಭಾ ಎಂಬ ಶಿಕ್ಷಣ ವಾಹಿನಿಗಳಲ್ಲಿ ಐಐಟಿ ಪ್ರವೇಶ ಪರೀಕ್ಷೆಗೆ ಸಜ್ಜಾಗುವವರಿಗೆಂದೇ ಭೌತಶಾಸ್ತ್ರ, ಗಣಿತದ ಪಾಠಗಳಿವೆ. ದಿನಕ್ಕೆ ಕನಿಷ್ಠ 4 ಗಂಟೆಯ ಹೊಸ ಪಾಠ ಕೊಟ್ಟು ಅದನ್ನೇ ಮತ್ತೆ 5 ಬಾರಿ ಪ್ರಸಾರ ಮಾಡುವ ಪದ್ಧತಿಯಿಂದಾಗಿ, ಬೆಳಿಗ್ಗೆ ಕಾಲೇಜಿಗೆ ಹೋದವಳು ಸಂಜೆ ಬಂದು ನೋಡಬಹುದು. ಪಾಠಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿರುವುದರಿಂದ ಅವ್ವನಿಗೆ ಅವು ಒದಗುವುದಿಲ್ಲ. ಅವಳಿಗೆ ಒದಗಿದ್ದು ಚಂದನ. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಒಬ್ಬರು ಮೈಕಿನ ಮುಂದೆ ಕೂತು ಬಿಡಿಸಿ ಬಿಡಿಸಿ ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ, ಸರಿಯುತ್ತರಕ್ಕೆ ಪುಸ್ತಕ ಕೊಡುತ್ತಾರೆ. ಮಾತಿನ ಮೇಲೆ ಬೇರೇನೂ ಹೇರಿಲ್ಲ. ಕೃಷಿ ಮತ್ತು ಆರೋಗ್ಯದ ಚರ್ಚೆಗಳೂ ಹಾಗೆಯೇ. ಮೊದಲ ಸಂಜೆಯೇ ಅವ್ವ ಸ್ಪರ್ಧಿಗಿಂತ ಮುಂಚೆ ಎರಡು ಉತ್ತರ ಹೇಳಿದಳು. ಧ್ವನಿಯ ಮಟ್ಟ ಕೇಬಲ್ಲಿನಲ್ಲಿ ಇಟ್ಟಿದ್ದರ ಅರ್ಧಕ್ಕೆ ಇಳಿದಿತ್ತು.

ಜೋರು ಮಳೆಗೆ ಡಿಶ್‌ನ ಸಿಗ್ನಲ್ ಹೋಗುತ್ತದೆ. ಸಮುದ್ರದ, ಹುಲಿಗಳ ಒಳ್ಳೆಯ ಚಿತ್ರಗಳು ತಪ್ಪಿಹೋದವೆಂಬ ಬೇಸರ ನನಗಿದೆ.

ಖರ್ಚಿನ ಲೆಕ್ಕ ಹೀಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2019ರ ದರ ಪದ್ಧತಿಯಲ್ಲಿ ನೂರು ವಾಹಿನಿಗಳ ಮೂಲ ಶುಲ್ಕವೇ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಇತ್ತು, ಕಾಸು ಕೊಟ್ಟು ನೋಡುವ ವಾಹಿನಿಗಳ ದರ ಬೇರೆ. ನಮ್ಮ ಎಚ್‌ಡಿ ಪ್ಯಾಕ್ ತಿಂಗಳಿಗೆ ಸುಮಾರು 400 ರೂಪಾಯಿ ಆಗುತ್ತಿತ್ತು. ಫ್ರೀ ಡಿಶ್‌ಗೆ ಬಾಕ್ಸು, ಡಿಶ್, ತಂತಿ, ಹಾಕಿದವರ ಕೂಲಿ ಸೇರಿ ಒಮ್ಮೆ 2,000 ರೂಪಾಯಿ ಕೊಟ್ಟೆ, ಐದು ತಿಂಗಳಿಗೆ ಸರಿಹೋಯಿತು. ನಮ್ಮ ಮನೆಯಲ್ಲಿ ಧಾರಾವಾಹಿಯನ್ನಾಗಲಿ ಕ್ರಿಕೆಟ್ಟನ್ನಾಗಲಿ ನೋಡುವವರಿಲ್ಲ, ಅದರಿಂದ ಈ ತೀರ್ಮಾನ ಸುಲಭವಾಯಿತು. ಅವು ಬೇಕೇ ಬೇಕೆನ್ನುವ ಮನೆಯವರು ಕೇಬಲ್ ಬಿಡಲಾರರು. ಅಂಥವರು ಜ್ಞಾನ ವಾಹಿನಿಗಳ ಪ್ಯಾಕಿಗೆ ದುಡ್ಡು ಕಟ್ಟುವ ಮುನ್ನ, ಅದೇ ಸಂಪರ್ಕ ಇರುವ ನೆರೆಮನೆಗೆ ಹೋಗಿ, ಒಂದು ಸಾಕ್ಷ್ಯಚಿತ್ರವನ್ನು ಕನ್ನಡಕ್ಕೆ ತಿರುಗಿಸಿ, ಮನೆಯ ಹಿರಿಯರನ್ನು ಹತ್ತು ನಿಮಿಷ ಅದರ ಮುಂದೆ ಕೂರಿಸಿ, ಏನು ಹೇಳಿದರೆಂದು ಕೇಳಿ ನೋಡಲಿ.