ಲಕೋಟೆ ಮುದ್ರಣಕ್ಕೆ ಯಾವ ಸ್ಟ್ಯಾಂಡ್ ಸರಿ? ನಾಲ್ಕನ್ನು ಬಳಸಿ ನೋಡಿದ ಮೇಲೆ

ಲಕೋಟೆಯ ಮೇಲೆ ವಿಳಾಸ ಓರೆಯಾಗಿ ಮುದ್ರಣವಾದರೆ ಎಲ್ಲರೂ ಮೊದಲು ದೂರುವುದು ಪ್ರಿಂಟರನ್ನು. ಆದರೆ ಬಹಳ ಸಲ ದೋಷ ಯಂತ್ರದ ಒಳಗಿರುವುದಿಲ್ಲ. ಅದರ ಬಾಯಿಯಿಂದ ಹೊರಗೆ, ಆಸರೆಯಿಲ್ಲದೆ ಜೋತುಬಿದ್ದ ಲಕೋಟೆಯ ಹಿಂಭಾಗದಲ್ಲಿ ಇರುತ್ತದೆ. ಆ ಹಿಂಭಾಗಕ್ಕೆ ಸರಿಯಾದ ಆಸರೆ ಕೊಟ್ಟರೆ ಅದೇ ಹಳೆಯ ಪ್ರಿಂಟರ್ ನೇರವಾಗಿ ಎಳೆದುಕೊಳ್ಳುತ್ತದೆ.

ಒಂದು ಸಣ್ಣ ಸಾಹಿತ್ಯ ತ್ರೈಮಾಸಿಕದ ಅಂಚೆ ಕೆಲಸ ನನ್ನದು. ಮೊದಲು ಚಂದಾದಾರರ ವಿಳಾಸಗಳನ್ನು ಸ್ಟಿಕ್ಕರ್ ಹಾಳೆಯ ಮೇಲೆ ಮುದ್ರಿಸಿ ಅಂಟಿಸುತ್ತಿದ್ದೆವು. ಮಲೆನಾಡಿನ ಮಳೆಗಾಲದಲ್ಲಿ ಸ್ಟಿಕ್ಕರಿನ ಅಂಚು ಏಳುತ್ತದೆ. ವಿಳಾಸ ಕಿತ್ತುಹೋದ ಸಂಚಿಕೆ ಓದುಗರಿಗೂ ತಲುಪುವುದಿಲ್ಲ, ನಮ್ಮ ಕೈಗೂ ಮರಳುವುದಿಲ್ಲ. ಹಾಗಾಗಿ ನೇರವಾಗಿ ಲಕೋಟೆಯ ಮೇಲೆಯೇ ಮುದ್ರಿಸತೊಡಗಿದೆವು. ಸ್ಟ್ಯಾಂಡುಗಳ ಹುಡುಕಾಟ ಶುರುವಾದದ್ದು ಅಲ್ಲಿಂದ.

ನಮ್ಮಲ್ಲಿರುವುದು ಎರಡು ಯಂತ್ರ. ಒಂದು, ಮುಂದುಗಡೆಯ ಸೀಳಿನಿಂದ ಒಂದೊಂದೇ ಲಕೋಟೆಯನ್ನು ಮಲಗಿಸಿದಂತೆಯೇ ಎಳೆದುಕೊಳ್ಳುವ ಕಪ್ಪು-ಬಿಳುಪು ಲೇಸರ್. ಇನ್ನೊಂದು, ಹಿಂಬದಿಯಲ್ಲಿ ನಿಲ್ಲಿಸಿದ ಕಾಗದವನ್ನು ಕೆಳಕ್ಕೆ ಎಳೆಯುವ ಇಂಕ್ ಟ್ಯಾಂಕ್ ಪ್ರಿಂಟರ್. ಲಕೋಟೆಗಳು ಮೂರು ಬಗೆಯವು: ಪತ್ರಗಳಿಗೆ 9×4 ಇಂಚಿನ ಬಿಳಿ ಮ್ಯಾಪ್ಲಿಥೊ ಕಾಗದದ್ದು, ರಸೀದಿ ಮತ್ತು ಆಹ್ವಾನಗಳಿಗೆ 11×5 ಇಂಚಿನದು, ಡೆಮಿ ಅಷ್ಟದಳ ಆಕಾರದ (ಸುಮಾರು 8.5×5.5 ಇಂಚು) ಸಂಚಿಕೆಗೆ 10×7 ಇಂಚಿನ ಕಂದು ಕ್ರಾಫ್ಟ್. ಮೂರನ್ನೂ ಚಿಕ್ಕ ಅಂಚು ಮುಂದೆ ಮಾಡಿಯೇ ಒಳಗೆ ಕೊಡುತ್ತೇವೆ.

ಪರೀಕ್ಷೆಗೆ ನಾನು ಆರಿಸಿಕೊಂಡ ಅಳತೆಗೋಲು ಪಿನ್‌ಕೋಡ್. 1972ರ ಆಗಸ್ಟ್ 15ರಂದು ಬಂದ ಈ ಆರಂಕಿಯ ವ್ಯವಸ್ಥೆಗಾಗಿ ನಮ್ಮ ಲಕೋಟೆಗಳ ಕೆಳಮೂಲೆಯಲ್ಲಿ ಆರು ಚೌಕಗಳನ್ನು ಮೊದಲೇ ಅಚ್ಚು ಹಾಕಿಸಿರುತ್ತೇವೆ. ಸಾಗರದ 577401 ಎಂಬ ಅಂಕಿಗಳು ಆ ಚೌಕಗಳ ಒಳಗೆ ಕುಳಿತರೆ ಲಕೋಟೆ ನೇರವಾಗಿ ಹೋಗಿದೆ ಎಂದರ್ಥ. ಅಂಕಿಯೊಂದು ಗೆರೆಯ ಮೇಲೆ ಹತ್ತಿದರೆ ಆಸರೆ ಸಾಲದು. ಲಕೋಟೆ ಬರೀ 1 ಡಿಗ್ರಿ ಓರೆಯಾದರೂ 279 ಮಿ.ಮೀ. ಉದ್ದದ 11×5ರ ಇನ್ನೊಂದು ತುದಿಯಲ್ಲಿ ಸುಮಾರು 5 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಚೌಕವನ್ನು ತಪ್ಪಿಸಲು ಅಷ್ಟು ಧಾರಾಳ ಸಾಕು.

ಆಸರೆ ಏಕೆ ಬೇಕು ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎ4 ಹಾಳೆ ಎಲ್ಲ ಕಡೆಯೂ ಒಂದೇ ದಪ್ಪ. ಲಕೋಟೆ ಹಾಗಲ್ಲ: ಒಂದು ಕಡೆ ಎರಡು ಪದರ, ಅಂಟು ಹಾಕಿದ ಬೆಸುಗೆಯಲ್ಲಿ ಮೂರು, ಮಡಿಕೆಯ ಮೂಲೆಯಲ್ಲಿ ಇನ್ನೂ ಹೆಚ್ಚು. ಭಾರವಿರುವ ಬದಿ ಮೊದಲು ಜೋಲುತ್ತದೆ. ರೋಲರ್ ಕಚ್ಚುವ ಕ್ಷಣದಲ್ಲಿ ಹಿಂಭಾಗ ಒಂದು ಬದಿಗೆ ಎಳೆಯುತ್ತಿದ್ದರೆ ಮುಂಭಾಗ ಇನ್ನೊಂದು ಬದಿಗೆ ತಿರುಗುತ್ತದೆ. ಪ್ರಿಂಟರಿನ ಸ್ವಂತ ಟ್ರೇ ಅಥವಾ ಸೀಳಿನ ಪಕ್ಕದ ಪುಟ್ಟ ಮಾರ್ಗದರ್ಶಿಗಳು 9×4ಕ್ಕೆ ಹೇಗೋ ಸಾಲುತ್ತವೆ. 11×5ಕ್ಕೆ ಸಾಲುವುದಿಲ್ಲ. ಕಂದು ಲಕೋಟೆಗಂತೂ ಮಾತೇ ಇಲ್ಲ.

ಮೊದಲು ಬಳಸಿದ್ದು ಲ್ಯಾಪ್‌ಟಾಪ್ ಇಡುವ ಅಲ್ಯೂಮಿನಿಯಂ ಸ್ಟ್ಯಾಂಡ್. ಮನೆಯಲ್ಲಿದ್ದುದರಿಂದ ಖರ್ಚಿಲ್ಲ, ಎತ್ತರವೂ ಕೋನವೂ ಬದಲಾಗುತ್ತವೆ. ಆದರೆ ಅದರ ಗುಣವೇ ಇಲ್ಲಿ ದೋಷ: ಲ್ಯಾಪ್‌ಟಾಪ್ ಜಾರದಿರಲೆಂದು ಅಂಟಿಸಿದ ರಬ್ಬರ್ ಪಟ್ಟಿಗಳು ಲಕೋಟೆಯನ್ನೂ ಹಿಡಿದುಕೊಳ್ಳುತ್ತವೆ. ಪಟ್ಟಿಗಳ ಮೇಲೆ ದಪ್ಪ ರಟ್ಟು ಹಾಸಿದರೆ ಕೆಲಸ ನಡೆಯುತ್ತದೆ. ಅಪರೂಪಕ್ಕೆ ಹತ್ತಿಪ್ಪತ್ತು ಲಕೋಟೆ ಮುದ್ರಿಸುವವರು ಬೇರೇನನ್ನೂ ಕೊಳ್ಳುವ ಅಗತ್ಯವಿಲ್ಲ.

ಎರಡನೆಯದು ಅಂತರ್ಜಾಲದಲ್ಲಿ ತರಿಸಿದ ಅಕ್ರಿಲಿಕ್ ಇಳಿಜಾರು. ನೋಡಲು ಬಹಳ ಚೆಂದ. ಕೆಳಗಿನ ಹಲಗೆಯಲ್ಲಿ ಕೊರೆದ ಹಲ್ಲುಗಳಿಗೆ ಆನಿಸಿ ಕೋನ ಬದಲಿಸಬೇಕು. ಅಂದರೆ ಹಲ್ಲು ಇರುವಲ್ಲಿ ಮಾತ್ರ ನಿಲ್ಲುತ್ತದೆ, ನಮಗೆ ಬೇಕಾದಲ್ಲಿ ಅಲ್ಲ. ನಮ್ಮ ಲೇಸರಿಗೆ ಬೇಕಿದ್ದ ಇಳಿಜಾರು ಎರಡು ಹಲ್ಲುಗಳ ನಡುವೆ ಇತ್ತು. ಅದನ್ನಾದರೂ ಸಹಿಸಿಕೊಳ್ಳಬಹುದು, ಸ್ಥಾಯಿ ವಿದ್ಯುತ್ತನ್ನು ಸಹಿಸುವುದು ಕಷ್ಟ. ಡಿಸೆಂಬರ್-ಜನವರಿಯ ಒಣ ಹವೆಯಲ್ಲಿ ಲಕೋಟೆ ಅಕ್ರಿಲಿಕ್ಕಿಗೆ ಉಜ್ಜಿ ಉಜ್ಜಿ ಅಂಟಿಕೊಳ್ಳತೊಡಗುತ್ತದೆ. ಮೇಲಿನದನ್ನು ಎಳೆದರೆ ಕೆಳಗಿನದೂ ಅರ್ಧ ಸರಿದು ಬರುತ್ತದೆ. ಮೇಲೊಂದು ಕಾಗದ ಹಾಸಿದರೆ ಈ ಕಾಟ ಕಡಿಮೆಯಾಗುತ್ತದೆ. ಕಾಗದ ಹಾಸಿಯೇ ಬಳಸಬೇಕಾದ ನುಣುಪು ಹಲಗೆಗೆ ಅಷ್ಟು ಹಣ ಏಕೆ ಕೊಡಬೇಕು? ಯಾರಿಗೂ ಇದನ್ನು ಕೊಳ್ಳಿ ಎಂದು ಹೇಳಲಾರೆ.

ಮೂರನೆಯದು ಬಡಗಿಯಿಂದ ಮಾಡಿಸಿದ ಮರದ ಇಳಿಜಾರು. 12 ಮಿ.ಮೀ. ಪ್ಲೈವುಡ್‌ನ ಎರಡು ಹಲಗೆ, ಒಂದು ತುದಿಯಲ್ಲಿ ಕೀಲು, ಮೇಲ್ಮೈಗೆ ಸನ್‌ಮೈಕ. ಎರಡೂ ಪಕ್ಕದಲ್ಲಿ ಉದ್ದಕ್ಕೆ ಸೀಳಿದ ತಗಡಿನ ಪಟ್ಟಿ, ಅದರೊಳಗೆ ಬೋಲ್ಟು ಮತ್ತು ಚಿಟ್ಟೆ ನಟ್ಟು. ನಟ್ಟು ಸಡಿಲಿಸಿ, ಹಲಗೆಯನ್ನು ಬೇಕಾದಷ್ಟು ಎತ್ತಿ, ಬಿಗಿದರೆ ಆಯಿತು. ಹಲ್ಲುಗಳ ಹಂಗಿಲ್ಲ. ಒಂದು ಕೂದಲೆಳೆಯಷ್ಟು ಎತ್ತಬೇಕೆಂದರೂ ಎತ್ತಬಹುದು. ಸನ್‌ಮೈಕದ ಮೇಲೆ ಕ್ರಾಫ್ಟ್ ಕಾಗದ ಸಲೀಸಾಗಿ ಜಾರುತ್ತದೆ, ಅಕ್ರಿಲಿಕ್ಕಿನ ಹಾಗೆ ಚಳಿಗಾಲದಲ್ಲಿ ಕಾಡುವುದಿಲ್ಲ. ತೂಕವಿರುವುದರಿಂದ ಮೇಜಿನ ಮೇಲೆ ಕದಲದೆ ಕೂರುತ್ತದೆ.

ಲೇಸರಿಗೆ ನನ್ನ ಆಯ್ಕೆ ಯಾವ ಅನುಮಾನವೂ ಇಲ್ಲದೆ ಇದೇ. ಇಳಿಜಾರಿನ ಮೇಲೆ ಲಕೋಟೆಯ ಹಿಂಭಾಗ ಮುಂಭಾಗಕ್ಕಿಂತ ಸ್ವಲ್ಪ ಎತ್ತರದಲ್ಲಿರುತ್ತದೆ. ಆಗ ಲಕೋಟೆಯ ಭಾರ ರೋಲರಿನ ಎಳೆತಕ್ಕೆ ವಿರುದ್ಧವಾಗಿ ಕೆಲಸ ಮಾಡದೆ ಅದರ ಜೊತೆಗೆ ಕೆಲಸ ಮಾಡುತ್ತದೆ. ವಿಳಾಸ ಮುದ್ರಣಕ್ಕೆಂದೇ ಇರುವ ದೊಡ್ಡ ಯಂತ್ರಗಳಲ್ಲಿಯೂ ಲಕೋಟೆಯ ಕಟ್ಟನ್ನು ಮಲಗಿಸುವುದು ಹೀಗೆಯೇ: ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಜಾರಿಸಿ, ಹಿಂಭಾಗದ ಕೆಳಗೆ ಮುಂದೆ ಹಿಂದೆ ಸರಿಸಬಹುದಾದ ಬೆಣೆ ಇಟ್ಟು. ಅಲ್ಲಿ ಅಡಿಯ ಲಕೋಟೆಯನ್ನು ಮೊದಲು ಎಳೆಯುವುದರಿಂದ ಮೇಲಿನ ಭಾರ ಅದರ ಮೇಲೆ ಬೀಳದಂತೆ ಬೆಣೆ ಕಾಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಯಾವ ಸ್ಟ್ಯಾಂಡ್ ಆದರೂ ಇದು ಅನ್ವಯ. ಹಲಗೆಯ ಮುಂದಿನ ಅಂಚು ಪ್ರಿಂಟರಿನ ಸೀಳಿನ ತುಟಿಗಿಂತ ಒಂದು ಮಿ.ಮೀ. ಮೇಲಿರಲಿ, ಎಂದೂ ಕೆಳಗಿರಬಾರದು. ಕೆಳಗಿದ್ದರೆ ಲಕೋಟೆಯ ಮೂಲೆ ತುಟಿಗೆ ತಾಗಿ ನಿಲ್ಲುತ್ತದೆ, ಕೈಯಿಂದ ತಳ್ಳಿದರೆ ಮೂಲೆ ಮಡಚಿಕೊಳ್ಳುತ್ತದೆ. ಮೇಲಿದ್ದರೆ ಲಕೋಟೆ ತುಟಿಯನ್ನು ದಾಟಿ ತಾನಾಗಿ ಒಳಗಿಳಿಯುತ್ತದೆ. ಬೆರಳಿನ ತುದಿಯನ್ನು ಹಲಗೆಯಿಂದ ಸೀಳಿನೆಡೆಗೆ ಸವರಿ ನೋಡಿ: ಇಳಿಯುವ ಮೆಟ್ಟಿಲು ಸಿಕ್ಕರೆ ಸರಿ, ಹತ್ತುವ ಮೆಟ್ಟಿಲು ಸಿಕ್ಕರೆ ಮತ್ತೆ ನಟ್ಟು ಸಡಿಲಿಸಿ.

ಇಷ್ಟು ಹೊಗಳಿದ ಮರದ ಇಳಿಜಾರು ಇಂಕ್ ಟ್ಯಾಂಕಿಗೆ ಬರುವುದೇ ಇಲ್ಲ. ಅಲ್ಲಿ ಲಕೋಟೆ ನಿಂತಿರುತ್ತದೆ, ಮಲಗಿರುವುದಿಲ್ಲ. 11×5 ಲಕೋಟೆ ಹಿಂದಿನ ಆಸರೆಯನ್ನು ಮೀರಿ ಮೇಲೆ ಚಾಚಿ, ತುದಿ ಹಿಂದಕ್ಕೆ ಬಾಗುತ್ತದೆ. ಬಾಗಿದ ತುದಿ ಅಡಿಯಂಚನ್ನು ರೋಲರಿನಿಂದ ದೂರಕ್ಕೆ ಎತ್ತುತ್ತದೆ. ಯಂತ್ರ ಸುತ್ತುತ್ತಲೇ ಇರುತ್ತದೆ, ಕೊನೆಗೆ ಕಾಗದವಿಲ್ಲ ಎಂಬ ದೀಪ ಮಿನುಗುತ್ತದೆ.

ಅದಕ್ಕೆ ನಾಲ್ಕನೆಯದು: ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಸ್ಟ್ಯಾಂಡ್. ಭಾರದ ಅಡಿಪಟ್ಟಿ, ಅದರ ಮೇಲೆ ಒಂದರೊಳಗೊಂದು ಕೂರುವ ಎರಡು ಕೊಳವೆಯ ಕಂಬ, ಎತ್ತರ ನಿಲ್ಲಿಸಲು ಪಕ್ಕದಲ್ಲಿ ತಿರುಪು, ಮೇಲೆ ಹಿಂದಕ್ಕೆ ಮುಂದಕ್ಕೆ ವಾಲುವ ತಗಡಿನ ಹಲಗೆ, ಅದರ ಎರಡೂ ಬದಿಗೆ ಸರಿಸಬಹುದಾದ ಅಂಚುಕಟ್ಟೆ. ಇದನ್ನು ಪ್ರಿಂಟರಿನ ಹಿಂದೆ ನಿಲ್ಲಿಸಿ, ಹಲಗೆಯನ್ನು ಟ್ರೇಯದೇ ವಾಲಿಕೆಗೆ ಹೊಂದಿಸಿದರೆ ಉದ್ದನೆಯ ಲಕೋಟೆಗೆ ಬೆನ್ನು ಸಿಗುತ್ತದೆ. ಪಿನ್‌ಕೋಡಿನ ಅಂಕಿಗಳು ಚೌಕದೊಳಗೆ ಕುಳಿತವು. ನಾಲ್ಕರಲ್ಲಿ ಎರಡೂ ಯಂತ್ರಗಳಿಗೆ ಒಗ್ಗುವುದು ಇದೊಂದೇ. ಹಲಗೆಯನ್ನು ಪೂರ್ತಿ ಮಲಗಿಸಿದರೆ ಲೇಸರಿಗೂ ಆದೀತು, ಮರದಷ್ಟು ಸುಖವಿಲ್ಲ ಅಷ್ಟೆ.

ಕುಂದೂ ಇದೆ. ಇಂಕ್ ಪ್ರಿಂಟರಿನ ತಲೆ ಎಡಬಲಕ್ಕೆ ಓಡುವಾಗ ಮೇಜೆಲ್ಲ ನಡುಗುತ್ತದೆ, ಆ ನಡುಕಕ್ಕೆ ಪಕ್ಕದ ತಿರುಪು ಸಡಿಲವಾಗಿ ಕಂಬ ಮೆಲ್ಲಗೆ ಇಳಿಯುತ್ತದೆ. ತಿರುಪಿನ ಕೆಳಗೆ ಹಲ್ಲಿನ ವಾಷರ್ ಹಾಕಿಸಿದ ಮೇಲೆ ನಿಂತಿತು. ಕೊಳ್ಳುವವರು ಅಂಗಡಿಯಲ್ಲಿಯೇ ತಿರುಪು ಬಿಗಿದು, ಹಲಗೆಯನ್ನು ಅಂಗೈಯಿಂದ ಒತ್ತಿ, ಸ್ಟ್ಯಾಂಡನ್ನು ಅಲುಗಾಡಿಸಿ ನೋಡಬೇಕು. ಎಷ್ಟು ಬಗೆಯಲ್ಲಿ ಹೊಂದಿಸಬಹುದು ಎನ್ನುವುದಕ್ಕಿಂತ, ಹೊಂದಿಸಿದ್ದು ಸಂಜೆಯವರೆಗೆ ಅಲ್ಲಿಯೇ ನಿಲ್ಲುತ್ತದೆಯೇ ಎನ್ನುವುದು ನನಗೆ ಮುಖ್ಯ. ತಗಡಿನ ಅಂಚುಗಳನ್ನು ಅರದಿಂದ ಉಜ್ಜಿಸಿಕೊಳ್ಳಿ, ಇಲ್ಲದಿದ್ದರೆ ಬೆರಳಿಗೂ ಗಾಯ, ಲಕೋಟೆಗೂ ಗೀರು.

ದೊಡ್ಡ ಕಚೇರಿಗಳ ಕೆಲವು ಲೇಸರ್‌ಗಳಿಗೆ ಲಕೋಟೆಯ ಫೀಡರ್ ಎಂದೇ ಪ್ರತ್ಯೇಕ ಜೋಡಣೆ ಸಿಗುತ್ತದೆ; ಎಚ್‌ಪಿಯ ಒಂದು ಶ್ರೇಣಿಗೆ 75 ಲಕೋಟೆ ಹಿಡಿಯುವಂಥದ್ದಿದೆ. ಅದು ಆ ಯಂತ್ರಕ್ಕೆ ಮಾತ್ರ, ಬೆಲೆಯೂ ಅದಕ್ಕೆ ತಕ್ಕಂತೆ. ನಮ್ಮಂಥವರ ಲೆಕ್ಕಕ್ಕೆ ಬರುವುದಿಲ್ಲ.

ಸ್ಟ್ಯಾಂಡ್ ಎಷ್ಟೇ ಚೆನ್ನಾಗಿದ್ದರೂ ಲಕೋಟೆ ಕೆಟ್ಟದಾದರೆ ಏನೂ ಆಗದು. ಲೇಸರಿನ ಫ್ಯೂಸರ್, ಅಂದರೆ ಮಸಿಯ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಭಾಗ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿಯಾಗಿರುತ್ತದೆ. ತಾನಾಗಿ ಅಂಟುವ ಮುಚ್ಚಳದ ಲಕೋಟೆ, ಪ್ಲಾಸ್ಟಿಕ್ ಕಿಟಕಿಯ ಲಕೋಟೆ, ಮದುವೆ ಕಾಗದದ ಬಂಗಾರದ ಹಾಳೆ ಒತ್ತಿದ ಲಕೋಟೆ, ಸರ್ಕಾರಿ ಕಚೇರಿಯ ಬಟ್ಟೆ ಒಳಪದರದ ಲಕೋಟೆ ಇವನ್ನೆಲ್ಲ ಅದರಿಂದ ದೂರವಿಡಿ. ಬ್ರದರ್ ಕಂಪನಿಯ ಹಲವು ಲೇಸರ್‌ಗಳಲ್ಲಿ ಹಿಂದಿನ ಮುಚ್ಚಳ ತೆರೆದರೆ ಎಡಕ್ಕೊಂದು ಬಲಕ್ಕೊಂದು ಹಸಿರು ಸನ್ನೆಗೋಲು (ಲಿವರ್) ಕಾಣುತ್ತವೆ. ಲಕೋಟೆ ಮುದ್ರಿಸುವಾಗ ಅವೆರಡನ್ನೂ ಕೆಳಗಿಳಿಸಿದರೆ ಒತ್ತಡ ಕಡಿಮೆಯಾಗಿ ಸುಕ್ಕು ಬೀಳುವುದಿಲ್ಲ. ಇಂಕಿನ ಯಂತ್ರಕ್ಕೆ ಬಿಸಿಯ ಭಯವಿಲ್ಲ, ಆದರೆ ಒರಟು ಕ್ರಾಫ್ಟ್ ಮೇಲೆ ಶಾಯಿ ಹರಡುತ್ತದೆ. ಇಂಗ್ಲಿಷ್ ವಿಳಾಸದಲ್ಲಿ ಅದು ಅಷ್ಟಾಗಿ ಕಾಣದು. ಕನ್ನಡದಲ್ಲಿ ಒತ್ತಕ್ಷರದ ಸಣ್ಣ ಕಣ್ಣು ಮುಚ್ಚಿ ‘ತೀರ್ಥಹಳ್ಳಿ’ಯ ಬುಡದಲ್ಲಿ ಒಂದು ಮಸಿಯ ಚುಕ್ಕೆ ಉಳಿಯುತ್ತದೆ. ಅಕ್ಷರದ ಗಾತ್ರವನ್ನು 14 ಪಾಯಿಂಟಿಗೆ ಏರಿಸಿದರೆ ಓದಲು ಬರುತ್ತದೆ.

ಸ್ಟ್ಯಾಂಡ್ ಕೊಳ್ಳುವಾಗ ಎಲ್ಲರೂ ಒಳಹೋಗುವ ಕಡೆಯನ್ನೇ ನೋಡುತ್ತಾರೆ. ಹೊರಬರುವ ಕಡೆಗೂ ಆಸರೆ ಅಷ್ಟೇ ಬೇಕು. ಲೇಸರಿನ ಹಿಂದಿನ ಮುಚ್ಚಳ ತೆರೆದಿಟ್ಟರೆ ಲಕೋಟೆ ಮೇಲಕ್ಕೆ ಸುತ್ತಿಕೊಳ್ಳದೆ ನೇರ ದಾರಿಯಲ್ಲಿ ಹಿಂದಿನಿಂದ ಬರುತ್ತದೆ. ಬಂದದ್ದು ನೆಲಕ್ಕೆ ಬೀಳುತ್ತದೆ, ಇಲ್ಲವೇ ಹಿಂದಿನದಕ್ಕೆ ತಲೆಕೊಟ್ಟು ನಿಲ್ಲುತ್ತದೆ, ಪಟ್ಟಿಯ ಅನುಕ್ರಮವೂ ಕಲಸಿಹೋಗುತ್ತದೆ. ಮುದ್ರಣದ ಮುಖ ಮೇಲಾಗಿ ಬರುವುದರಿಂದ ಮೊದಲನೆಯದು ಅಡಿಯಲ್ಲಿ ಉಳಿಯುತ್ತದೆ. ಹಾಗಾಗಿ ವಿಳಾಸಗಳನ್ನು ಕೊನೆಯಿಂದ ಮೊದಲಿಗೆ ಮುದ್ರಿಸುತ್ತೇವೆ, ಕಟ್ಟು ಎತ್ತಿಕೊಂಡಾಗ ಪಿನ್‌ಕೋಡಿನ ಕ್ರಮದಲ್ಲಿಯೇ ಇರುತ್ತದೆ, 56ರಿಂದ ಶುರುವಾಗುವ ಬೆಂಗಳೂರು ಕಡೆಯವು ಮೇಲೆ. ಇದಕ್ಕಾಗಿ ಅದೇ ವೆಲ್ಡಿಂಗ್ ಅಂಗಡಿಯಲ್ಲಿ ಇನ್ನೊಂದು ಸ್ಟ್ಯಾಂಡ್ ಮಾಡಿಸಿದ್ದೇವೆ. ಅಂಚುಕಟ್ಟೆ ಇಲ್ಲ, ತುದಿಯಲ್ಲಿ ಒಂದು ತಡೆ ಮಾತ್ರ. ಹಲಗೆಯನ್ನು ಆ ತೆರೆದ ಮುಚ್ಚಳಕ್ಕಿಂತ ನಾಲ್ಕು ಬೆರಳು ಕೆಳಗೆ, ಪ್ರಿಂಟರಿನಿಂದ ಆಚೆಗೆ ತುಸು ಇಳಿಜಾರಾಗಿ ನಿಲ್ಲಿಸಿದರೆ ಕಂದು ಲಕೋಟೆಗಳು ಒಂದರ ಮೇಲೊಂದು ಜಾರಿ ತಡೆಗೆ ಆನಿಕೊಳ್ಳುತ್ತವೆ.