ಪೇಷಂಟ್ ನೋಡ್ಕೊಳ್ಳೋ ಕೆಲಸಕ್ಕೆ ಹೋಗೋರೇ, ಹೊಡೀತಾರಾ ಅಂತ ಮೊದ್ಲೇ ಕೇಳಿ

ಹೋದ ವರ್ಷ ಬೆಂಗಳೂರಲ್ಲಿ ಒಂದು ಮನೆಗೆ ಇಪ್ಪತ್ನಾಲ್ಕು ಗಂಟೆ ಡ್ಯೂಟಿ ಅಂತ ಏಜೆನ್ಸಿಯವ್ರು ಕಳಿಸಿದ್ರು. ತಾತಂಗೆ 78 ವರ್ಷ, ಡಿಮೆನ್ಷಿಯಾ. "ಬರೀ ಮರೆವಮ್ಮ, ಸಾಧು ಮನುಷ್ಯ, ನಿಂಗೇನೂ ಕಷ್ಟ ಇಲ್ಲ" ಅಂದಿದ್ರು. ಮೂರ್ನೇ ದಿನ ಪಾತ್ರೆ ತೊಳಿಯೋಕೆ ಬರೋ ಅಕ್ಕ ಅಡುಗೆಮನೇಲಿ ಮೆಲ್ಲಗೆ ಕೇಳಿದ್ರು, ನಿಂಗಿಂತ ಮುಂಚೆ ಇಬ್ರು ಬಂದು ಏಟು ತಿಂದು ಹೋದ್ರು, ನಿಂಗ್ಯಾರೂ ಹೇಳ್ಲಿಲ್ವಾ ಅಂತ. ಅವತ್ತೇ ಬ್ಯಾಗ್ ಎತ್ಕೊಂಡು ಬರ್ಬೇಕಿತ್ತು. ಮಗಳ ಫೀಸ್ ಕಟ್ಟೋದಿತ್ತು, ಉಳ್ಕೊಂಡೆ.

ಬೆಳಿಗ್ಗೆ ತಾತ ಚೆನ್ನಾಗಿರೋರು, "ತಿಂಡಿ ಆಯ್ತೇನವ್ವ" ಅಂತ ಕೇಳೋರು. ಸಂಜೆ ಐದಾಯ್ತು ಅಂದ್ರೆ ನಮ್ಮನೆಗೆ ಹೋಗ್ಬೇಕು ಬಾಗ್ಲು ತೆಗಿ, ನೀನ್ಯಾರು, ನನ್ ದುಡ್ಡು ಕದ್ದೋಳು ಅಂತ ಶುರು. ಈ ಕಾಯಿಲೇಲಿ ಹೊತ್ತು ಮುಳುಗೋ ಟೈಮಲ್ಲಿ ಗಾಬರಿ ಜಾಸ್ತಿ ಆಗೋದುಂಟು, ನಂಗೆ ಅದು ಗೊತ್ತಿಲ್ದೆ "ಇದೇ ನಿಮ್ಮನೆ ತಾತ" ಅಂತ ದಿನಾ ವಾದ ಮಾಡ್ತಿದ್ದೆ, ವಾದ ಮಾಡಿದಷ್ಟೂ ಅವ್ರಿಗೆ ಸಿಟ್ಟು ಏರೋದು. ಹೂಂ ತಾತ ಹೋಗೋಣ, ಮೊದ್ಲು ಕಾಫಿ ಕುಡೀರಿ ಅಂತ ಮಾತು ಬೇರೆ ಕಡೆ ತಿರುಗಿಸ್ಬೇಕು, ಲೈಟ್ ಬೇಗ ಹಾಕ್ಬೇಕು, ಟಿವಿ ಸೌಂಡ್ ಕಮ್ಮಿ ಮಾಡ್ಬೇಕು. ಕೆಲಸಕ್ಕೆ ಹಾಕೋ ಮುಂಚೆ ಇಷ್ಟನ್ನೂ ನಂಗ್ಯಾರೂ ಕಲಿಸಿರ್ಲಿಲ್ಲ.

ಒಂಬತ್ತನೇ ದಿನ ರಾತ್ರಿ ಪ್ಯಾಡ್ ಬದಲಾಯಿಸೋಕೆ ಹೋದೆ, ನಿದ್ದೆಗಣ್ಣಲ್ಲಿ ಇದ್ರು, ನಾನು ಒಂದು ಮಾತೂ ಹೇಳ್ದೆ ಪಂಚೆ ಸರಿಸ್ಬಿಟ್ಟೆ. ಯಾರೋ ಮೈ ಮೇಲೆ ಬಂದ್ರು ಅನ್ಕೊಂಡ್ರೋ ಏನೋ, ಕೈ ತಿರುಚಿ ಹಿಡ್ಕೊಂಡು ಇನ್ನೊಂದು ಕೈಲಿ ಊರುಗೋಲು ತಗೊಂಡು ಬಾರಿಸಿದ್ರು. ನಾನು ಗೋಡೆಗೂ ಮಂಚಕ್ಕೂ ಮಧ್ಯ ನಿಂತಿದ್ದೆ, ಹಿಂದೆ ಸರಿಯೋಕೆ ಜಾಗಾನೇ ಇರ್ಲಿಲ್ಲ. ಮಣಿಕಟ್ಟು ಹೋಯ್ತು. ದಯವಿಟ್ಟು ಯಾವತ್ತೂ ಬಾಗಿಲ ಕಡೆ ನಿಂತ್ಕೊಳ್ಳಿ, ಕೋಲು ಕೈಗೆ ಸಿಗ್ದಿರೋ ಹಾಗೆ ಇಡಿ, ಮುಟ್ಟೋ ಮುಂಚೆ ಎದುರಿಗೆ ನಿಂತು ಹೇಳಿ ಮುಟ್ಟಿ.

ಮನೆ ಮೇಡಂ ಐಸ್ ತಂದುಕೊಟ್ಟು "ಅವ್ರಿಗೆ ಗೊತ್ತಾಗಲ್ಲಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂದ್ರು. ಏಜೆನ್ಸಿಗೆ ಫೋನ್ ಮಾಡಿದ್ರೆ ಬೇರೆಯವ್ರು ಸಿಗೋ ತನಕ ಬಿಡಂಗಿಲ್ಲ, ಬಿಟ್ರೆ ಸಂಬಳ ಇಲ್ಲ ಅಂದ್ರು, ನನ್ ಒರಿಜಿನಲ್ ಆಧಾರ್ ಬೇರೆ ಅವ್ರ ಹತ್ರಾನೇ ಇತ್ತು. ಮಾರ್ನೇ ದಿನ ಸರ್ಕಾರಿ ಆಸ್ಪತ್ರೇಲಿ ಡಾಕ್ಟ್ರು ಹೆಂಗಾಯ್ತು ಅಂತ ಕೇಳಿದಾಗ ಪೊಲೀಸ್ ಬರ್ತಾರೆ ಅಂತ ಹೆದರಿ ಬಚ್ಚಲಲ್ಲಿ ಜಾರಿ ಬಿದ್ದೆ ಅಂದ್ಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದು. ಆಮೇಲೆ ಟ್ರೀಟ್‌ಮೆಂಟ್ ಖರ್ಚು ಕೇಳಿದಾಗ ಏಜೆನ್ಸಿಯವ್ರು ಅದೇ ಚೀಟಿ ತೋರಿಸಿದ್ರು, ನೀನೇ ಬಿದ್ದಿದೀಯ ಅಂತ ಬರ್ದಿದೆಯಲ್ಲ ಅಂತ. ಇದ್ದಿದ್ದು ಇದ್ದಂಗೆ ಹೇಳಿ, ಎಂಎಲ್‌ಸಿ (ಏಟಿನ ಗಾಯ ಅಂತ ಆಸ್ಪತ್ರೆಯವ್ರು ಬರ್ಕೊಂಡು ಪೊಲೀಸ್‌ಗೆ ತಿಳಿಸೋ ದಾಖಲೆ) ಮಾಡಿಸಿ, ಗಾಯದ ಫೋಟೋ ತಗೊಳ್ಳಿ, ಅವತ್ತೇ ಏಜೆನ್ಸಿಗೂ ಮನೆಯವ್ರಿಗೂ ವಾಟ್ಸಾಪಲ್ಲಿ ಬರ್ದು ಹಾಕಿ.

ಎರಡು ದಿನ ಆದ್ಮೇಲೆ ತಾತನ್ನ ತೋರಿಸಿದ್ರಂತೆ, ಮೂತ್ರದ ಇನ್ಫೆಕ್ಷನ್. ವಯಸ್ಸಾದವ್ರಿಗೆ ಅದು ಜ್ವರಾನೇ ಕಾಣ್ದೆ ಬರೀ ಗಲಾಟೆ, ಗೊಂದಲ ಆಗಿ ಕಾಣಿಸ್ಬೋದಂತೆ. ಮೂತ್ರ ವಾಸನೆ ಬರ್ತಿದ್ದಿದ್ದು ನಂಗೆ ಗೊತ್ತಾಗಿತ್ತು, ಯಾರ ಹತ್ರಾನೂ ಹೇಳಿರ್ಲಿಲ್ಲ. ಅದು ಈಗ್ಲೂ ಕೊರೀತಿದೆ. ಪೇಷಂಟ್ ಇದ್ದಕ್ಕಿದ್ದಂಗೆ ಜೋರಾದ್ರೆ ನೋವಿದೆಯಾ, ಮೋಷನ್ ಆಗಿದೆಯಾ, ಹೊಸ ಮಾತ್ರೆ ಏನಾದ್ರೂ ಕೊಟ್ರಾ ಅಂತ ನೋಡಿ ಡಾಕ್ಟ್ರಿಗೆ ತಿಳಿಸೋಕೆ ಹೇಳಿ.

ಕಾಯಿಲೆ ಇಲ್ದಿರೋ ಮನೆಯವ್ರು ಕೈ ಮಾಡಿದ್ರೆ, ಕೆಟ್ಟದಾಗಿ ಮುಟ್ಟಿದ್ರೆ ಅದಕ್ಕೆ ಅಡ್ಜಸ್ಟ್‌ಮೆಂಟ್ ಅನ್ನೋದೇ ಇಲ್ಲ, ಹೊರಗೆ ಬಂದು 112ಗೆ ಮಾಡಿ, ಹೆಣ್ಮಕ್ಕಳ ಸಹಾಯಕ್ಕೆ 181 ಇದೆ. ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನಲ್ಲಿ ಮನೆನೂ ಕೆಲಸದ ಜಾಗಾನೇ, ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ದೂರು ಕೊಡ್ಬೋದು.

ತಾತನ ಮೇಲೆ ನಂಗೆ ಸಿಟ್ಟಿಲ್ಲ. ಗೊತ್ತಿದ್ದೂ ಕಳಿಸಿದವ್ರ ಮೇಲಿದೆ. ನಾನು ಬಿಟ್ಟ ವಾರದಲ್ಲೇ ಆ ಮನೆಗೆ ಇನ್ನೊಂದು ಹುಡುಗೀನ ಹಾಕಿದ್ರು, ಪಾತ್ರೆ ಅಕ್ಕನ ಹತ್ರ ನಂಬರ್ ಇಸ್ಕೊಂಡು ನಾನೇ ಫೋನ್ ಮಾಡಿ ಎಲ್ಲಾ ಹೇಳಿದೆ. ಬರೀ ಮರೆವು ಅಂತಾನೇ ಅವಳಿಗೂ ಹೇಳಿದ್ರಂತೆ.