ಗಿಗ್‌ಗೆ ಹೋಗಿ, ಸ್ಪೀಕರ್ ಪಕ್ಕ ಮಾತ್ರ ನಿಲ್ಲಬೇಡಿ

ಬೆಂಗಳೂರಿನ ಸಣ್ಣಪುಟ್ಟ ಇಂಡೀ ಗಿಗ್‌ಗಳಿಗೆ, ಅಂದರೆ ಕಂಪನಿಗಳ ಹಂಗಿಲ್ಲದ ಬ್ಯಾಂಡ್‌ಗಳ ಲೈವ್ ಶೋಗಳಿಗೆ, ತಪ್ಪದೆ ಹೋಗುವವರು ಇದನ್ನು ಓದಿ. ನನ್ನ ಎಡಗಿವಿಯಲ್ಲಿ ಈಗ ಹಗಲೂ ರಾತ್ರಿ ಜೀರುಂಡೆ ಕೂಗಿದ ಹಾಗೆ ಒಂದು ಸದ್ದು. ಟ್ರಾಫಿಕ್‌ನಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ಫ್ಯಾನ್ ಆಫ್ ಮಾಡಿದರೆ ಅದೇ ಕೋಣೆ ತುಂಬಾ. ಒಂದು ಪಬ್‌ನ ಗಿಗ್‌ನಲ್ಲಿ, ಒಂದೇ ಒಂದು ಸಂಜೆಯಲ್ಲಿ ಅಂಟಿಕೊಂಡಿದ್ದು.

ಪಬ್‌ನ ಹೆಸರು ಬೇಡ. ಹೆಚ್ಚುಕಡಿಮೆ ಅದೇ ಥರದ ಜಾಗಗಳು ಊರಲ್ಲಿ ಬೇಕಾದಷ್ಟಿವೆ. ತಗ್ಗಿದ ಸೀಲಿಂಗ್, ಒಂದು ಕಡೆ ಪೂರ್ತಿ ಗಾಜು, ಉಳಿದ ಕಡೆ ಬರೀ ಕಾಂಕ್ರೀಟ್ ಗೋಡೆ. ಸ್ಟೇಜ್ ಅಂದರೆ ಒಂದಡಿ ಎತ್ತರದ ಹಲಗೆ. ಎರಡೂ ಪಕ್ಕ ಸ್ಟ್ಯಾಂಡ್ ಮೇಲೆ ಸ್ಪೀಕರ್, ಅದೂ ಸರಿಯಾಗಿ ನಮ್ಮ ಕಿವಿಯ ಮಟ್ಟಕ್ಕೆ. ಮುಂದೆ ಅಡ್ಡ ಒಂದು ಹಗ್ಗವೂ ಇಲ್ಲ. ಜನ ಸೇರುತ್ತಾ ಹೋದ ಹಾಗೆ ಹಿಂದಿನವರ ನೂಕಾಟಕ್ಕೆ ನಾನು ಎಡಗಡೆ ಸ್ಪೀಕರ್ ಬುಡಕ್ಕೇ ಬಂದುಬಿಟ್ಟೆ.

ಮೊದಲ ಬ್ಯಾಂಡ್ ಲೇಟಾಗಿ ಶುರು ಮಾಡಿ ಲೇಟಾಗಿ ಮುಗಿಸಿತು. ಎರಡನೆಯವರಿಗೆ ಸೌಂಡ್‌ಚೆಕ್ ಮಾಡಲು, ಅಂದರೆ ಮೊದಲೇ ಸದ್ದು ಹೊಂದಿಸಿಕೊಳ್ಳಲು, ಹೊತ್ತೇ ಇರಲಿಲ್ಲ. ಇದು ಸಣ್ಣ ಗಿಗ್‌ಗಳಲ್ಲಿ ಮಾಮೂಲಿ. ಹಾಡುವವನಿಗೆ ತನ್ನ ದನಿಯೇ ಕೇಳುತ್ತಿಲ್ಲ, ಮಾನಿಟರ್ (ಹಾಡುವವರ ಕಡೆ ತಿರುಗಿಸಿಟ್ಟ ಸ್ಪೀಕರ್) ಜಾಸ್ತಿ ಮಾಡಿ ಅಂತ ಕೈ ಸನ್ನೆ ಮಾಡಿದ. ಸದ್ದು ಹೊಂದಿಸುವ ಮಿಕ್ಸರ್ ಹತ್ತಿರ ಇದ್ದವನು ಏನೋ ಏರಿಸಿದ. ಅಷ್ಟೇ, ಮೈಕ್ ಕಿರುಚಿತು. ನಾಲ್ಕೈದು ಸೆಕೆಂಡ್ ಇರಬಹುದು, ಎಲ್ಲರೂ ಕಿವಿ ಮುಚ್ಚಿಕೊಂಡರು, ಆಮೇಲೆ ನಕ್ಕರು. ನಾನು ಹೋಗಿ ಸ್ವಲ್ಪ ಕಡಿಮೆ ಮಾಡಿ ಅಂದೆ. "ರಾಕ್ ಶೋ ಸಾರ್, ಹೀಗೇ ಇರೋದು" ಅಂದ.

ದೊಡ್ಡ ಮೈದಾನದ ಕಾರ್ಯಕ್ರಮದಲ್ಲೇ ಕಿವಿಗೆ ಅಪಾಯ ಜಾಸ್ತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಣ್ಣ ಕೋಣೆಯ ಕಷ್ಟ ಬೇರೆ. ಮೈದಾನದಲ್ಲಿ ಸ್ಪೀಕರ್‌ಗಳನ್ನು ಮೇಲೆ ತೂಗುಹಾಕಿರುತ್ತಾರೆ, ಮುಂದೆ ಬ್ಯಾರಿಕೇಡ್ ಇರುತ್ತದೆ, ದೂರ ಹೋದಷ್ಟೂ ಸದ್ದು ಇಳಿಯುತ್ತದೆ. ಕೋಣೆಯಲ್ಲಿ ಗಾಜು, ಗೋಡೆ, ಸೀಲಿಂಗ್ ಎಲ್ಲವೂ ಸದ್ದನ್ನು ವಾಪಸ್ ಎಸೆಯುತ್ತವೆ. ಡ್ರಮ್ಸ್‌ಗೆ ಅಲ್ಲಿ ಮೈಕೇ ಬೇಡ, ಹಾಗೇ ಬಾರಿಸಿದರೂ 100 ಡೆಸಿಬಲ್ ದಾಟುತ್ತದೆ. ಅದನ್ನು ಮೀರಿ ಹಾಡು ಕೇಳಬೇಕು ಅಂದರೆ ಗಿಟಾರ್, ದನಿ ಎಲ್ಲ ಅದಕ್ಕಿಂತ ಮೇಲೆ ಏರಬೇಕು. ಜನ ಮಾತಾಡಿದರೆ ಇನ್ನೂ ಏರಿಸುತ್ತಾರೆ.

ಕಿವಿಯ ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಒಂದು ಬ್ಯಾಂಡ್‌ನ ಸೆಟ್ ಮುಕ್ಕಾಲು ಗಂಟೆ ಇರುತ್ತದೆ, ಅಲ್ವಾ? ಸದ್ದನ್ನು ಹಿಡಿಯುವ ಒಳಕಿವಿಯ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಗಿಗ್ ಮುಗಿಸಿ ಮನೆಗೆ ಬಂದಾಗ ಕಿವಿ ಗುಂಯ್ ಅನ್ನುವುದು ಹೊಸದೇನಲ್ಲ, ಬೆಳಗ್ಗೆ ಹೊತ್ತಿಗೆ ಹೋಗುತ್ತದೆ. ಈ ಸಲ ಹೋಗಲಿಲ್ಲ. ಎಡಗಿವಿಗೆ ಫೋನ್ ಇಟ್ಟರೆ ಮಾತು ಮಂಕು. ಮೆಡಿಕಲ್ ಶಾಪ್‌ನವರು ಗುಗ್ಗೆ ಕಟ್ಟಿರಬೇಕು ಅಂತ ಡ್ರಾಪ್ಸ್ ಕೊಟ್ಟರು. ಅದರಿಂದ ಏನೂ ಆಗಲಿಲ್ಲ. ಇಎನ್‌ಟಿ ಡಾಕ್ಟರ್ ಆಡಿಯೋಗ್ರಾಮ್ (ಯಾವ ಸ್ವರ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ) ಮಾಡಿಸಿದರು. ಗ್ರಾಫ್ 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸ್ವರಗಳ ಕಡೆ, ಗುಂಡಿ ಬಿದ್ದ ಹಾಗೆ ಕೆಳಗಿಳಿದಿತ್ತು. ಜೋರು ಸದ್ದಿಗೆ ಕೆಟ್ಟ ಕಿವಿಯ ಗುರುತೇ ಅದಂತೆ. ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಮಂಕು ಬಹುಪಾಲು ಹೋಯಿತು, ಸದ್ದು ಉಳಿಯಿತು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಂತಾದರೆ ಅದೇ ದಿನ ಅಥವಾ ಮಾರನೇ ದಿನವೇ ಇಎನ್‌ಟಿ ಹತ್ತಿರ ಹೋಗಿ. ದಿನ ಕಳೆದಷ್ಟೂ ಔಷಧಿ ಹಿಡಿಯುವುದು ಕಷ್ಟ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. 1965ರಿಂದ ಅವರ ಕೆಲಸವೇ ಇದು.

ಪಬ್‌ನವರಿಗೆ ಮೆಸೇಜ್ ಮಾಡಿದೆ. ಬಂದ ಉತ್ತರ ಏನು ಗೊತ್ತಾ? ಮುಂದಿನ ಶೋಗೆ ಡಿಸ್ಕೌಂಟ್ ಕೂಪನ್.

ನಮ್ಮಲ್ಲಿ ಸದ್ದಿನ ತಕರಾರು ಏನಿದ್ದರೂ ಪಬ್‌ನ ಹೊರಗಿನವರ ಕಿವಿಯದ್ದು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. 2018ರಲ್ಲಿ ಲೈಸೆನ್ಸ್ ಇಲ್ಲವೆಂದು ಪೊಲೀಸರು ಎಷ್ಟೋ ಪಬ್‌ಗಳಲ್ಲಿ ಲೈವ್ ಸಂಗೀತ ನಿಲ್ಲಿಸಿದಾಗಲೂ ಒಳಗೆ ದುಡ್ಡು ಕೊಟ್ಟು ನಿಂತವರ ಕಿವಿಯ ಮಾತು ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆಂದೇ ಒಂದು ಮಟ್ಟ ಹೇಳಿದೆ: 15 ನಿಮಿಷದ ಸರಾಸರಿ 100 ಡೆಸಿಬಲ್ ಮೀರಬಾರದು, ಬಂದವರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಒಂದು ಮೂಲೆ ಇರಬೇಕು. ನಾನು ಹೋಗುವ ಯಾವ ಜಾಗದಲ್ಲೂ ಇದನ್ನು ಕಂಡಿಲ್ಲ.

ಸ್ಟೇಜ್ ಮೇಲಿನವರನ್ನು ಗಮನಿಸಿ ನೋಡಿ. ಎಷ್ಟೋ ಡ್ರಮ್ಮರ್‌ಗಳು ಕಿವಿಗೆ ಇನ್-ಇಯರ್ (ಕಿವಿಯೊಳಗೇ ಕೂರುವ ಪುಟ್ಟ ಸ್ಪೀಕರ್) ಅಥವಾ ಪ್ಲಗ್ ಹಾಕಿಯೇ ಕೂತಿರುತ್ತಾರೆ. ಬರಿಗಿವಿ ನಮ್ಮದು ಮಾತ್ರ. ಹತ್ತಿ ತುರುಕಿದರೆ ಹೆಚ್ಚೇನೂ ತಡೆಯುವುದಿಲ್ಲ. ಮೆಡಿಕಲ್ ಶಾಪ್‌ನ ಫೋಮ್ ಪ್ಲಗ್ ಸಾಕು, ಆದರೆ ಹಾಡು ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಅದನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅರಳುವ ತನಕ ಹಿಡಿದುಕೊಳ್ಳಬೇಕು. ಹೊರಗೆ ಅರ್ಧ ನೇತಾಡುತ್ತಿದ್ದರೆ ಸುಮ್ನೆ ಹಾಕಿದ ಹಾಗೆ. ಸಂಗೀತಗಾರರ ಪ್ಲಗ್‌ಗೆ ದುಡ್ಡು ಜಾಸ್ತಿ, ಅದು ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗಿಸುತ್ತದೆ. ಹಾಡು ಹಾಡಾಗಿಯೇ ಕೇಳುತ್ತದೆ.

ನಾನೀಗಲೂ ಹೋಗುತ್ತೇನೆ. ನಿಲ್ಲುವುದು ಹಿಂದೆ, ಮಿಕ್ಸರ್ ಪಕ್ಕ. ಅವರು ಸದ್ದು ಹೊಂದಿಸುವುದೇ ಅಲ್ಲಿ ಕೇಳಿಸುವುದನ್ನು ನೋಡಿಕೊಂಡು, ಹಾಗಾಗಿ ಹಾಡೂ ಅಲ್ಲೇ ಚೆನ್ನಾಗಿ ಕೇಳುತ್ತದೆ. ಒಂದು ಸೆಟ್ ಆದ ಮೇಲೆ ಹೊರಗೆ ಹೋಗಿ ಬರುತ್ತೇನೆ. ಮಧ್ಯಾಹ್ನದ ಗಿಗ್‌ಗಳಿಗೆ ಪುಟ್ಟ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವವರೂ ಇದ್ದಾರೆ. ಹೆಗಲ ಮೇಲೆ ಕೂತ ಮಗುವಿನ ಕಿವಿ ಸ್ಪೀಕರ್‌ಗೆ ನೇರ ಎದುರು. ಫೋಮ್ ಪ್ಲಗ್ ಅಷ್ಟು ಸಣ್ಣ ಕಿವಿಗೆ ಕೂರುವುದಿಲ್ಲ. ಮಕ್ಕಳಿಗೆಂದೇ ಇಯರ್‌ಮಫ್ ಸಿಗುತ್ತದೆ, ಅದನ್ನು ತನ್ನಿ.